ರೆಕ್ಕೆ ಮುಚ್ಚುವ ಮೊದಲು ಗಾಳಿ ಸೋರಿಕೆ ಹಿಡಿಯಿರಿ: ಆರ್‌ಸಿ ವಿಮಾನಕ್ಕೆ ನ್ಯೂಮ್ಯಾಟಿಕ್ ರಿಟ್ರ್ಯಾಕ್ಟ್

ನ್ಯೂಮ್ಯಾಟಿಕ್ ರಿಟ್ರ್ಯಾಕ್ಟ್ ಎಂದರೆ ಗಾಳಿಯ ಒತ್ತಡದಿಂದ ರೆಕ್ಕೆಯೊಳಗೆ ಮಡಚಿಕೊಳ್ಳುವ ಚಕ್ರದ ಕಾಲು, ಅಂದರೆ ಗೇರ್. ನಾನು ಇದನ್ನು ಮಂಗಳೂರಿನಲ್ಲಿ ಕೂರಿಸಿದ್ದು 65 ಇಂಚು ರೆಕ್ಕೆಯ, ಬಾಲದಲ್ಲಿ ಚಕ್ರವಿರುವ, ರೇಡಿಯೊದಿಂದ ನಡೆಸುವ (ಆರ್‌ಸಿ) ವಿಮಾನಕ್ಕೆ. ಇದರಲ್ಲಿ ಮುಕ್ಕಾಲು ಕೆಲಸ ಗೇರಿನದ್ದಲ್ಲ, ಗಾಳಿಯದ್ದು.

ಮರದ ಕೆಲಸ ಬೇಗ ಮುಗಿಯುತ್ತದೆ. ಗೇರ್ ಕೂರುವ ಎರಡು ಪಟ್ಟಿಗಳು ರೆಕ್ಕೆಯ ಕನಿಷ್ಠ ಮೂರು ರಿಬ್‌ಗಳಿಗೆ (ಅಡ್ಡ ಎಲುಬುಗಳಿಗೆ) ತಾಗಬೇಕು. ಆ ರಿಬ್‌ಗಳಿಗೆ 3 ಮಿ.ಮೀ. ಪ್ಲೈವುಡ್ ಅಂಟಿಸಿ. ಊರಿನ ಬಡಗಿ ಕೊಟ್ಟ ಸಾಗುವಾನಿಯಾದರೆ ಅದರಲ್ಲಿ ಎಣ್ಣೆಯಂಶ ಇರುತ್ತದೆ, ಅಸಿಟೋನಿನಲ್ಲಿ ಒರೆಸದೆ ಎಪಾಕ್ಸಿ ಹಿಡಿಯುವುದಿಲ್ಲ. ಸ್ಕ್ರೂ ಒಮ್ಮೆ ಹಾಕಿ ತೆಗೆದು, ತೂತಿಗೆ ತೆಳು ಸಿಎ ಗ್ಲೂ (ಸೂಪರ್ ಗ್ಲೂ) ಬಿಟ್ಟು, ಒಣಗಿದ ಮೇಲೆ ಮತ್ತೆ ಬಿಗಿಯಿರಿ. ವಿಮಾನ ಮಟ್ಟವಾಗಿದ್ದಾಗ ಚಕ್ರ ನೆಲ ಮುಟ್ಟುವ ಜಾಗ ತೂಕದ ಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆಗಿಂತ ಸುಮಾರು 15 ಡಿಗ್ರಿ ಮುಂದಿರಲಿ. ಚಕ್ರಗಳ ಮುಂಭಾಗ 1ರಿಂದ 2 ಡಿಗ್ರಿ ಒಳಮುಖವಾಗಿರಲಿ. ಕಾಲಿನ ತಂತಿಯಲ್ಲಿ ಸೆಟ್ ಸ್ಕ್ರೂ (ತಂತಿಯನ್ನು ಒತ್ತಿ ಹಿಡಿಯುವ ಪುಟ್ಟ ಸ್ಕ್ರೂ) ಕೂರುವಲ್ಲಿ ಅರದಿಂದ ಚಪ್ಪಟೆ ಮಾಡದಿದ್ದರೆ ಒಂದೇ ಲ್ಯಾಂಡಿಂಗಿಗೆ ಚಕ್ರ ತಿರುಗಿ ನಿಲ್ಲುತ್ತದೆ.

ಗಾಳಿ ಸಾಗಿಸುವ ಟ್ಯೂಬ್ ಎರಡು ಬಣ್ಣದ್ದು ತೆಗೆದುಕೊಳ್ಳಿ, ಗೇರ್ ಏರಲು ಒಂದು, ಇಳಿಯಲು ಒಂದು. ಹೊಸ ಬ್ಲೇಡಿನಿಂದ ನೇರ ಕತ್ತರಿಸಿ. ಓರೆ ತುದಿ ಸೋರುತ್ತದೆ.

ಸೈಕಲ್ ಪಂಪಿನಿಂದ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ, ತುಂಡುತುಂಡಾಗಿ ಪರೀಕ್ಷಿಸಿ. ಮೊದಲು ಗಾಳಿ ಕೂಡಿಡುವ ಟ್ಯಾಂಕ್ ಮತ್ತು ತುಂಬುವ ವಾಲ್ವ್ ಮಾತ್ರ, ಬಕೆಟ್ ನೀರಿನಲ್ಲಿ ಮುಳುಗಿಸಿ. ಆಮೇಲೆ ಸರ್ವೊ (ರೇಡಿಯೊ ಆಜ್ಞೆಗೆ ತಿರುಗುವ ಪುಟ್ಟ ಮೋಟಾರ್) ತಿರುಗಿಸುವ ವಾಲ್ವ್, ಕೊನೆಗೆ ಕಾಲು ಮಡಚುವ ಸಿಲಿಂಡರ್‌ಗಳು. ಅಲ್ಲಿ ನೀರು ಬೇಡ, ಸಾಬೂನು ನೊರೆ ಸಾಕು. ಗೇರ್ ಮೇಲಿದ್ದಾಗ ಮಾತ್ರ ಸೋರಿದರೆ ತಪ್ಪು ಏರುವ ಟ್ಯೂಬಿನಲ್ಲಿ ಅಥವಾ ಅದರ ಕಡೆಯ ಓ-ರಿಂಗಿನಲ್ಲಿದೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ). ಎರಡೂ ಸ್ಥಿತಿಯಲ್ಲಿ ಸೋರಿದರೆ ಮೊದಲು ವಾಲ್ವ್ ನೋಡಿ; ಸರ್ವೊ ಅದನ್ನು ತುದಿಯವರೆಗೆ ತಳ್ಳದೆ ನಡುವೆ ನಿಲ್ಲಿಸಿದರೂ ಹೀಗಾಗುತ್ತದೆ. ಮಧ್ಯಾಹ್ನ 33 ಡಿಗ್ರಿ ಸೆಕೆಯಲ್ಲಿ ತುಂಬಿ ಬೆಳಿಗ್ಗೆ 25ರಲ್ಲಿ ಅಳೆದರೆ, ಎಲ್ಲೂ ಸೋರದಿದ್ದರೂ 3 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಅದಕ್ಕಾಗಿ ರೆಕ್ಕೆ ಬಿಚ್ಚಬೇಡಿ.

ನಮ್ಮ ಕರಾವಳಿಯ ತೇವದ ಗಾಳಿಯನ್ನು ಒತ್ತಿದರೆ ಟ್ಯಾಂಕಿನೊಳಗೆ ನೀರು ಕೂರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಹೆಚ್ಚು. ಪಂಪಿನ ಗಾಳಿ ಸಿಲಿಕಾ ಜೆಲ್ ತುಂಬಿದ ಡಬ್ಬಿಯ ಮೂಲಕ ಬರಲಿ. ಹಾರಾಟ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ. ಓ-ರಿಂಗಿಗೆ ಸಿಲಿಕೋನ್ ಎಣ್ಣೆ ಎರಡೇ ಹನಿ. ಕಾಲು ತಿರುಗುವ ಪಿನ್ನಿಗೆ ಗ್ರೀಸ್ ಬೇಡವೇ ಬೇಡ: ಮುರಕಲ್ಲಿನ ಪದವಿನ (ಬೋಳು ಬಯಲಿನ) ಕೆಂಪು ಧೂಳು ಅದಕ್ಕೆ ಅಂಟಿ ಮರಳುಕಾಗದದಂತೆ ತೇಯುತ್ತದೆ. ಒಣ ಬ್ರಷ್ ಸಾಕು.

ವಾಲ್ವಿನ ವೇಗದ ಸ್ಕ್ರೂವನ್ನು ಕಾಲು ಮಡಚಲು 2ರಿಂದ 3 ಸೆಕೆಂಡ್ ಹಿಡಿಯುವಂತೆ ತಿರುಗಿಸಿ. ಜೋರಾಗಿ ಬಡಿದರೆ ಲಾಕಿನ ಕಚ್ಚು ಸವೆಯುತ್ತದೆ, ತೀರ ನಿಧಾನವಾದರೆ ಲಾಕ್ ಬೀಳುವುದಿಲ್ಲ. ಒಂದು ಕಾಲು ತಡವಾದರೆ ವೇಗಕ್ಕೆ ಕೈಹಾಕುವ ಮೊದಲು ಆ ಕಾಲು ತಿರುಗುವ ಪಿನ್ ಬಿಗಿಯಾಗಿದೆಯೇ ನೋಡಿ.

ಕೊನೆಗೆ, ಹಾರುವಾಗಿನ ಗಾಳಿಯ ಎಳೆತಕ್ಕೆ ಬದಲಾಗಿ ಚಕ್ರವನ್ನು ಎರಡು ಬೆರಳಿಂದ ಹಿಂದಕ್ಕೆ ಒತ್ತಿ ಹಿಡಿದು, ಮತ್ತೆ ತುಂಬದೆ ಏರಿಸಿ ಇಳಿಸುತ್ತಾ ಹೋಗಿ. ನನ್ನದರಲ್ಲಿ 60 ಪಿಎಸ್‌ಐ ಕೆಳಗೆ ಲಾಕ್ ಬೀಳಲಿಲ್ಲ. ಹಾಗಾಗಿ 80ಕ್ಕಿಂತ ಕಡಿಮೆ ಇದ್ದರೆ ನಾನು ಗೇರ್ ಮಡಚುವುದಿಲ್ಲ. ಗಾಳಿ ಮುಗಿದರೆ ಮಡಚಿದ ಕಾಲು ಮಡಚಿಯೇ ಇರುತ್ತದೆ.