ಫರ್ಮ್‌ವೇರ್‌ನಲ್ಲಿ ಲೋಪವಂತೆ: ಅಪ್‌ಡೇಟ್ ಒತ್ತುವ ಮೊದಲು ಏನು ಮಾಡಬೇಕು?

'ಈ ರೌಟರ್‌ನಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇದೆಯಂತೆ, ಕೂಡಲೇ ಈ ಫೈಲ್ ಹಾಕಿಕೊಳ್ಳಿ.' ಅಪಾರ್ಟ್‌ಮೆಂಟ್ ಗುಂಪಿಗೆ ಇಂಥ ಸಂದೇಶ ಬಿದ್ದ ಹತ್ತು ನಿಮಿಷಕ್ಕೆ ಅರ್ಧ ಜನ ಲಿಂಕ್ ಒತ್ತಿರುತ್ತಾರೆ. ದಯವಿಟ್ಟು ಒತ್ತಬೇಡಿ. ಫರ್ಮ್‌ವೇರ್ ಅಂದರೆ ಸಾಧನವನ್ನು ಒಳಗಿಂದ ನಡೆಸುವ ಮೂಲ ಸಾಫ್ಟ್‌ವೇರ್. ಯಾರೋ ಕಳಿಸಿದ ಫರ್ಮ್‌ವೇರ್ ಫೈಲ್ ಆ ಲೋಪಕ್ಕಿಂತ ಜಾಸ್ತಿ ಅಪಾಯಕಾರಿ ಆಗಬಹುದು.

ಮೊದಲು ಸಾಧನದ ಮಾಡೆಲ್, ಹಾರ್ಡ್‌ವೇರ್ ವರ್ಷನ್, ಫರ್ಮ್‌ವೇರ್ ವರ್ಷನ್ ಬರೆದಿಟ್ಟುಕೊಳ್ಳಿ.

ಆಮೇಲೆ ಸುದ್ದಿಯನ್ನು ಜಾಲಾಡಿ. ಜನ ಎಡವುವುದು ಇಲ್ಲೇ. ಸಿವಿಇ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಪತ್ತೆಯಾದ ಲೋಪಕ್ಕೆ ಕೊಡುವ ಗುರುತಿನ ಸಂಖ್ಯೆ ಅಷ್ಟೇ, ಅಪಾಯದ ಅಳತೆಯಲ್ಲ. ತಯಾರಕರ ಭದ್ರತಾ ಪುಟ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪ್ರಕಟಣೆ ಎರಡನ್ನೂ ನೋಡಿ. ದಾಳಿ ಮಾಡುವವನು ಎಲ್ಲಿರಬೇಕು ಅನ್ನೋದು ಮುಖ್ಯ ಪ್ರಶ್ನೆ: ದೂರದ ಇಂಟರ್ನೆಟ್‌ನಲ್ಲೋ, ನಿಮ್ಮ ವೈಫೈ ಒಳಗೋ, ಸಾಧನವನ್ನೇ ಕೈಯಲ್ಲಿ ಹಿಡಿದೋ? ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ವಿದ್ಯಾರ್ಥಿಗಳು ಕೊಳ್ಳುವ, ವೈಫೈ-ಬ್ಲೂಟೂತ್ ಇರುವ ಇಎಸ್‌ಪಿ32 ಚಿಪ್ಪನ್ನೇ ನೋಡಿ. 2025ರ ಮಾರ್ಚ್‌ನಲ್ಲಿ ಅದರಲ್ಲಿ ಹಿಂಬಾಗಿಲು ಸಿಕ್ಕಿದೆ ಎಂದು ಸುದ್ದಿಯಾಯಿತು. ಸಿಕ್ಕಿದ್ದು ದಾಖಲೆಯಲ್ಲಿಲ್ಲದ 29 ಬ್ಲೂಟೂತ್ ಕಮಾಂಡ್‌ಗಳು. ಅವು ಪರೀಕ್ಷೆಗೆ ಇಟ್ಟವು, ಬ್ಲೂಟೂತ್ ಅಥವಾ ಇಂಟರ್ನೆಟ್ ಮೂಲಕ ದೂರದಿಂದ ಚಲಾಯಿಸಲಾಗದು ಎಂದು ತಯಾರಕರು ಹೇಳಿದರು. ಸಂಶೋಧಕರೂ 'ಹಿಂಬಾಗಿಲು' ಅನ್ನೋ ಮಾತು ಕೈಬಿಟ್ಟರು. ಆದರೂ ಅದಕ್ಕೆ ಸಿವಿಇ ಸಂಖ್ಯೆ ಇದೆ.

ಹಾಗಂತ ಖಚಿತವಾಗುವವರೆಗೆ ಸುಮ್ನೆ ಕೂರಬೇಡಿ. ಬೇಕಾದರೆ ಮತ್ತೆ ಮೊದಲಿನಂತೆ ಮಾಡಬಹುದಾದ ಕೆಲಸ ಇವತ್ತೇ ಮಾಡಿ. ರೌಟರ್‌ನ ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರ್ ಸೆಟ್ಟಿಂಗ್ ಬದಲಿಸುವ ಸೌಲಭ್ಯ), ಯುಪಿಎನ್‌ಪಿ (ಮನೆಯ ಸಾಧನಗಳು ತಾವೇ ರೌಟರ್‌ನಲ್ಲಿ ಹೊರದಾರಿ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಕ್ಯಾಮೆರಾ, ಸ್ಮಾರ್ಟ್ ಬಲ್ಬ್‌ಗಳನ್ನು ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ರೌಟರ್ ಕೊಡುವ ಪ್ರತ್ಯೇಕ ವೈಫೈ) ಸರಿಸಿ. ಸುದ್ದಿ ಸುಳ್ಳಾದರೂ ನಷ್ಟವೇನಿಲ್ಲ, ಅಲ್ವಾ?

ಫರ್ಮ್‌ವೇರ್ ಹಾಕುವುದು ತಯಾರಕರು ಲೋಪ ಒಪ್ಪಿ ಪ್ಯಾಚ್ (ಅದನ್ನು ಸರಿಪಡಿಸುವ ಅಪ್‌ಡೇಟ್) ಬಿಟ್ಟ ಮೇಲೆ, ಅವರ ತಾಣದಿಂದ ಮಾತ್ರ. ಎಲ್ಲ ಡ್ರೈವರ್ (ಕಂಪ್ಯೂಟರ್‌ನ ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ತಾನೇ ಅಪ್‌ಡೇಟ್ ಮಾಡುತ್ತೇನೆ ಅನ್ನುವ ಉಚಿತ ಆ್ಯಪ್‌ಗಳನ್ನು ಹತ್ತಿರ ಸೇರಿಸಬೇಡಿ. ಲ್ಯಾಪ್‌ಟಾಪ್ ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್) ಆದರೆ, ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಮೊದಲು ಕಾಗದದ ಮೇಲೆ ಬರೆದಿಡಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ ಅಪ್‌ಡೇಟ್ ಆದ ಮೇಲೆ ಅದು 48 ಅಂಕಿಯ ಕೀ ಕೇಳಬಹುದು. ಆಗ ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಫೋಟೋ, ಫೈಲ್ ಯಾವುದೂ ಸಿಗದು. ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ. ರೌಟರನ್ನು ಯುಪಿಎಸ್‌ಗೆ ಹಾಕಿ. ಗುಡುಗು ಸಿಡಿಲಿನ ಸಂಜೆ ಬೆಸ್ಕಾಂ ಕರೆಂಟ್ ನಂಬಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಮಧ್ಯದಲ್ಲಿ ಕರೆಂಟ್ ಹೋದರೆ ಸಾಧನ ಮತ್ತೆ ಆನ್ ಆಗದೇ ಇರಬಹುದು.

ತಯಾರಕರು ಅಪ್‌ಡೇಟ್ ನಿಲ್ಲಿಸಿದ ಹಳೆಯ ರೌಟರ್ ಆಗಿದ್ದರೆ ಹೊಸದು ತನ್ನಿ. ಕೊಳ್ಳುವಾಗ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿಯೇ ದುಡ್ಡು ಕೊಡಿ.