ಬಾಲಮಂದಿರ ಬಿಟ್ಟ ಮೇಲೆ ಊಟಕ್ಕೇನು ಮಾಡೋದು? 18 ತುಂಬೋ ಮುಂಚೆನೇ ಮಾಡ್ಕೋಬೇಕಾದ ಕೆಲಸಗಳು

ಬಾಲಮಂದಿರದಲ್ಲಿ, ಅಂದ್ರೆ ಸರ್ಕಾರದ ಮಕ್ಕಳ ಮನೇಲಿ, ಇದ್ದಷ್ಟು ದಿನ ಗಂಟೆ ಹೊಡೆದ್ರೆ ತಟ್ಟೆ ಹಿಡ್ಕೊಂಡು ಲೈನಲ್ಲಿ ನಿಲ್ಲೋದು, ಅಷ್ಟೇ ನಮಗೆ ಗೊತ್ತಿದ್ದಿದ್ದು. ಅಕ್ಕಿ ಎಲ್ಲಿಂದ ಬರತ್ತೆ, ಗ್ಯಾಸ್ ಯಾರು ತರ್ತಾರೆ ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ. 18 ತುಂಬಿ ಹೊರಗೆ ಬಂದ ಮೇಲೆ ಆ ಗಂಟೆ ಹೊಡೆಯಲ್ಲ. ನಾನು ಬಂದ ಮೊದಲನೇ ತಿಂಗಳು ರೂಮ್ ಬಾಡಿಗೆ ಕಟ್ಟಿ ಬಸ್ ಪಾಸ್ ಮಾಡಿಸಿದ ಮೇಲೆ ಕೈಯಲ್ಲಿ ಏನೂ ಉಳಿದಿರ್ಲಿಲ್ಲ, ಕೊನೇ ಹತ್ತು ದಿನ ಟೀ ಬನ್ನಲ್ಲೇ ಕಳೆದೆ, ಯಾರಿಗೂ ಹೇಳ್ಳಿಲ್ಲ, ನಾಚಿಕೆ. ನನ್ನಂಥವರಿಗೆ ಅಂತಾನೇ ದುಡ್ಡು ಇದೆ, ಅಕ್ಕಿ ಇದೆ, ಅದನ್ನ ಹೋಗಿ ಕೇಳ್ಬೇಕು ಅಂತ ಗೊತ್ತಾಗಿದ್ದು ಆಮೇಲೆ. ಈ ವರ್ಷ ಹೊರಗೆ ಬರ್ತಿರೋ ನನ್ನ ತಮ್ಮ ತಂಗಿಯರಿಗೆ ಹಾಗಾಗ್ಬಾರ್ದು, ಅದಕ್ಕೆ ಬರೀತಿದೀನಿ.

ಮೊದಲು ಕಾಗದಪತ್ರದ ವಿಷ್ಯ. ಇದು ಬೋರ್ ಅನ್ಸತ್ತೆ ಆದ್ರೆ ಊಟ ನಿಂತಿರೋದೇ ಇದ್ರ ಮೇಲೆ. ಆಧಾರ್‌ನಲ್ಲಿ 15 ವರ್ಷ ಆದಾಗ ಬೆರಳಚ್ಚು ಕಣ್ಣು ಮತ್ತೆ ಅಪ್‌ಡೇಟ್ ಮಾಡಿಸ್ಬೇಕು, ನಮ್ಮಲ್ಲಿ ಎಷ್ಟೋ ಜನಕ್ಕೆ ಚಿಕ್ಕವರಿದ್ದಾಗ ಕೊಟ್ಟ ಬೆರಳಚ್ಚೇ ಇರತ್ತೆ, ಆಮೇಲೆ ರೇಷನ್ ಡಿಪೋದಲ್ಲಿ ಬೆರಳು ಒತ್ತಿದ್ರೆ ಮ್ಯಾಚ್ ಆಗಲ್ಲ, ವಾಪಸ್ ಕಳಿಸ್ತಾರೆ. ಒಳಗಿರುವಾಗ್ಲೇ ಮುಗಿಸ್ಕೊಳ್ಳಿ, ಅಲ್ಲಿ ಸೂಪರಿಂಟೆಂಡೆಂಟ್ ಕೊಡೋ ಸರ್ಟಿಫಿಕೇಟ್‌ನೇ ಅಡ್ರೆಸ್ ಪ್ರೂಫ್ ಅಂತ ಆಧಾರ್‌ನವರು ತಗೋತಾರೆ. ಹೊರಗೆ ಬಂದ್ಮೇಲೆ ಬಾಡಿಗೆ ಕರಾರುಪತ್ರಕ್ಕೆ ಓನರ್ ಹತ್ರ ಕೈಕಟ್ಟಿ ನಿಲ್ಬೇಕು. ಮೊಬೈಲ್ ನಂಬರ್ ನಿಮ್ಮದೇ ಲಿಂಕ್ ಆಗಿರ್ಲಿ, ವಾರ್ಡನ್‌ದೋ ಮೇಡಂದೋ ಬೇಡ. ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲೇ ಇರ್ಲಿ, ಆಧಾರ್ ಸೀಡಿಂಗ್, ಅಂದ್ರೆ ಖಾತೆಗೆ ಆಧಾರ್ ಜೋಡಣೆ, ಆಗಿದ್ಯಾ ಅಂತಾನೂ ಕೇಳಿ. ನಿಮ್ಮನ್ನ ಸಂಸ್ಥೆಗೆ ಕಳಿಸಿದ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿಗಳು, ಟಿಸಿ, ಜನನ ಪ್ರಮಾಣಪತ್ರ, ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರ, ಎಲ್ಲಾ ಒಂದು ಫೈಲಲ್ಲಿ ಹಾಕಿ ಎರಡೆರಡು ಜೆರಾಕ್ಸ್ ಇಟ್ಕೊಳ್ಳಿ.

ಈಗ ಆಫ್ಟರ್‌ಕೇರ್, ಅಂದ್ರೆ ಸಂಸ್ಥೆ ಬಿಟ್ಟ ಮೇಲೆ ಸಿಗೋ ನೆರವು, ಕನ್ನಡದಲ್ಲಿ ಅನುಪಾಲನೆ ಅಂತಾರೆ. 2015ರ ಬಾಲನ್ಯಾಯ ಕಾಯ್ದೆ 46ನೇ ಸೆಕ್ಷನ್ ಪ್ರಕಾರ 18 ತುಂಬಿ ಸಂಸ್ಥೆ ಬಿಡೋರಿಗೆ ಸರ್ಕಾರ ಹಣ ಸಹಾಯ ಮಾಡಬಹುದು, ಅದ್ರ ನಿಯಮಗಳ ಪ್ರಕಾರ 21 ವರ್ಷದವರೆಗೆ, ವಿಶೇಷ ಸಂದರ್ಭ ಇದ್ರೆ 23ರವರೆಗೂ. 'ಮಾಡಬಹುದು' ಅನ್ನೋ ಪದ ಗಮನಿಸಿ, ಅಂದ್ರೆ ತಾನಾಗೇ ಬರಲ್ಲ, ಕೇಳ್ಬೇಕು. ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ರಕ್ಷಣಾ ಯೋಜನೇಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿ ಇಟ್ಟಿದ್ದಾರೆ. 2016ರ ನಿಯಮಗಳಲ್ಲಿ 25ನೇ ನಿಯಮ ಓದಿದ್ರೆ ಗೊತ್ತಾಗತ್ತೆ, ನೀವು ಸಂಸ್ಥೆ ಬಿಡೋ ಎರಡು ತಿಂಗಳು ಮುಂಚೆನೇ ಪ್ರೊಬೇಷನ್ ಆಫೀಸರ್‌ನಂಥವರು ನಿಮ್ಮ ಮುಂದಿನ ಪ್ಲಾನ್ ಬರೆದು ಸಮಿತಿ ಮುಂದೆ ಇಡ್ಬೇಕು, ದುಡ್ಡು ನೇರವಾಗಿ ನಿಮ್ಮ ಖಾತೆಗೇ ಹೋಗ್ಬೇಕು. ಹಾಗಾಗಿ 17 ದಾಟಿದ ತಕ್ಷಣ ನಿಮ್ಮ ಕೌನ್ಸೆಲರ್ ಅಥವಾ ಪ್ರೊಬೇಷನ್ ಆಫೀಸರ್ ಹತ್ರ "ನನ್ನ ಆಫ್ಟರ್‌ಕೇರ್ ಪ್ಲಾನ್ ಎಲ್ಲಿದೆ, ಅದ್ರಲ್ಲಿ ಊಟದ ವಿಷ್ಯ ಏನು ಬರೆದಿದೀರ" ಅಂತ ಕೇಳಿ. ಓದು, ಉದ್ಯೋಗ, ವಸತಿ ಅಂತ ಬರೀತಾರೆ, ಊಟ ಬಿಟ್ಟೇ ಹೋಗಿರತ್ತೆ. ಬಾಯಲ್ಲಿ ಹೇಳಿದ್ದು ಸಾಲದು, ಒಂದು ಬಿಳಿ ಹಾಳೇಲಿ ಅರ್ಜಿ ಬರೆದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ನನಗೆ ಒಂದು ಆಫೀಸಲ್ಲಿ ಮೂರು ಸಲ "ನಾಳೆ ಬಾ" ಅಂದಿದ್ರು, ಸೀಲ್ ಹಾಕಿದ ಪ್ರತಿ ತೋರಿಸಿದ ಮೇಲೇನೇ ಫೈಲ್ ಹುಡುಕಿದ್ದು.

ಬಾಲಮಂದಿರದಲ್ಲಿ ಇರದೆ ಪೋಷಕ ಕುಟುಂಬದಲ್ಲಿ, ಅಂದ್ರೆ ಫಾಸ್ಟರ್ ಕೇರ್‌ನಲ್ಲಿ ಬೆಳೆದವರು ಸ್ವಲ್ಪ ಹುಷಾರು. ಕಾಯ್ದೆಯಲ್ಲಿ ಆಫ್ಟರ್‌ಕೇರ್ ಅಂದ್ರೆ ಸಂಸ್ಥೆಯ ಆರೈಕೆ ಬಿಟ್ಟು ಬಂದವರಿಗೆ ಅಂತ ಬರೆದಿರೋದು. ಆ ಕುಟುಂಬಕ್ಕೆ ನಿಮ್ಮ ಹೆಸರಲ್ಲಿ ಬರ್ತಿದ್ದ ದುಡ್ಡು 18ಕ್ಕೆ ನಿಲ್ಲತ್ತೆ, ಮುಂದೆ ಏನು ಅಂತ ಘಟಕದವರ ಹತ್ರ ಲಿಖಿತದಲ್ಲಿ ಕೇಳಿ ತಿಳ್ಕೊಳ್ಳಿ, ಮುಂಚೆ ಸಂಸ್ಥೆಯಲ್ಲೂ ಇದ್ರೆ ಆ ಆದೇಶ ಜೊತೆಗಿಡಿ.

ರೇಷನ್ ಕಾರ್ಡ್. ಇದು ಎಲ್ಲಕ್ಕಿಂತ ತಲೆನೋವಿನ ಕೆಲಸ, ಆದ್ರೆ ಒಂದ್ಸಲ ಆದ್ರೆ ವರ್ಷಗಟ್ಲೆ ಕೈ ಹಿಡಿಯತ್ತೆ. ನಮ್ಮಲ್ಲಿ ಎಲ್ರೂ ಅನಾಥರಲ್ಲ, ಎಷ್ಟೋ ಜನಕ್ಕೆ ಊರಲ್ಲಿ ಅಮ್ಮನೋ ಅಜ್ಜಿನೋ ಇರ್ತಾರೆ, ಅವರ ಕಾರ್ಡಲ್ಲಿ ನಿಮ್ಮ ಹೆಸರು ಈಗ್ಲೂ ಇರಬಹುದು. ಮೊದಲು ಅದನ್ನ ಚೆಕ್ ಮಾಡ್ಸಿ, ಯಾಕಂದ್ರೆ ಒಬ್ಬರ ಆಧಾರ್ ಎರಡು ಕಾರ್ಡಲ್ಲಿ ಇರೋ ಹಾಗಿಲ್ಲ, ಹೊಸ ಅರ್ಜಿ ಅಲ್ಲೇ ರಿಜೆಕ್ಟ್ ಆಗತ್ತೆ. ಇದ್ರೆ ಎರಡು ದಾರಿ, ಮನೆಯವರ ಜೊತೆ ಮಾತಾಡಿ ನಿಮ್ಮ ಪಾಲಿನ ಅಕ್ಕಿ ತರಿಸ್ಕೊಳ್ಳೋದು, ಇಲ್ಲಾ ಹೆಸರು ತೆಗೆಸಿ ನಿಮ್ಮದೇ ಕಾರ್ಡ್ ಮಾಡಿಸೋದು. ಒಬ್ಬರೇ ಇದ್ರೂ ಕಾರ್ಡ್ ಆಗತ್ತೆ, ಮದ್ವೆ ಆಗಿರ್ಬೇಕು ಸಂಸಾರ ಇರ್ಬೇಕು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಬಿಪಿಎಲ್‌ಗೆ ವರ್ಷದ ಆದಾಯ 1.2 ಲಕ್ಷದೊಳಗೆ ಇರ್ಬೇಕು. ಅರ್ಜಿ ಗ್ರಾಮ ಒನ್, ಬೆಂಗಳೂರು ಒನ್, ಕರ್ನಾಟಕ ಒನ್‌ಗಳಲ್ಲಿ ಹಾಕೋದು, ಆದ್ರೆ ಹೊಸ ಅರ್ಜಿ ವರ್ಷಪೂರ್ತಿ ತೆಗೆದಿರಲ್ಲ, ಆವಾಗಾವಾಗ ಓಪನ್ ಮಾಡಿ ಮುಚ್ತಾರೆ, ಅದಕ್ಕೇ ಫೈಲ್ ರೆಡಿ ಇಟ್ಕೊಂಡಿರಿ ಅಂದಿದ್ದು. ಗಾರ್ಮೆಂಟ್ಸೋ ಡೆಲಿವರಿನೋ ಹೋಟೆಲ್ಲೋ ಕೆಲಸಕ್ಕೆ ಸೇರಿದ್ರೆ, ಪಿಎಫ್ ಇಎಸ್ಐ ಇಲ್ಲ ಅಂದ್ರೆ, ಇ-ಶ್ರಮ್ ಕಾರ್ಡ್, ಅಂದ್ರೆ ಅಸಂಘಟಿತ ಕಾರ್ಮಿಕರ ನೋಂದಣಿ ಕಾರ್ಡ್, ಮಾಡಿಸ್ಕೊಳ್ಳಿ. ಇ-ಶ್ರಮ್‌ನಲ್ಲಿ ಹೆಸರಿದ್ದೂ ರೇಷನ್ ಕಾರ್ಡ್ ಇಲ್ಲದವರಿಗೆ ಕಾರ್ಡ್ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ, ಅರ್ಜಿ ಹಾಕುವಾಗ ಈ ಮಾತು ನೆನಪಿರ್ಲಿ.

ಕಾರ್ಡ್ ಬಂದ್ರೆ ಕೇಂದ್ರದ 5 ಕೆಜಿ, ಅದ್ರ ಮೇಲೆ ರಾಜ್ಯದ ಅನ್ನಭಾಗ್ಯದ್ದು 5 ಕೆಜಿ ಅಂತ ಇತ್ತು. 2023ರ ಜುಲೈಯಿಂದ ಸ್ವಲ್ಪ ಕಾಲ ಆ ಎರಡನೇ 5 ಕೆಜಿ ಬದ್ಲು 170 ರೂಪಾಯಿ ಖಾತೆಗೆ ಹಾಕ್ತಿದ್ರು, 2025ರಲ್ಲಿ ಮತ್ತೆ ಅಕ್ಕಿನೇ ಕೊಟ್ರು, ಆಮೇಲೆ ಅದ್ರ ಬದ್ಲು ಬೇಳೆ ಎಣ್ಣೆ ಇರೋ ಇಂದಿರಾ ಕಿಟ್ ಕೊಡೋಣ ಅಂತ ತೀರ್ಮಾನ ಮಾಡಿದ್ರು, ಹಾಗಾಗಿ ಈ ತಿಂಗಳು ಏನು ಬಂದಿದೆ ಅಂತ ಡಿಪೋದಲ್ಲೇ ಕೇಳಿ. ನಿಮ್ಮ ಕಾರ್ಡ್ ರಾಯಚೂರಿಂದಾದ್ರೂ ಬೆಂಗಳೂರಲ್ಲಿ ಯಾವ ಡಿಪೋಲಿ ಬೇಕಾದ್ರೂ ಬೆರಳೊತ್ತಿ ತಗೋಬಹುದು, ಕೊಡಲ್ಲ ಅಂದ್ರೆ 1967ಕ್ಕೆ ಫೋನ್ ಮಾಡಿ. ದುಡ್ಡಿಗೆ ಕಷ್ಟ ಆಯ್ತು ಅಂತ ಅಕ್ಕಿ ಮಾರ್ಬೇಡಿ, ಸಿಕ್ಕಿಬಿದ್ರೆ ಕಾರ್ಡೇ ಹೋಗತ್ತೆ.

ಕಾರ್ಡ್ ಬರೋವರೆಗೆ ಹೊಟ್ಟೆ ಕಾಯಲ್ವಲ್ಲ. ಹತ್ತಿರದ ಇಂದಿರಾ ಕ್ಯಾಂಟೀನ್ ಎಲ್ಲಿದೆ ಅಂತ ಹೊರಗೆ ಬರೋ ಮುಂಚೆನೇ ನೋಡಿಟ್ಕೊಳ್ಳಿ, ರೂಮ್ ಹುಡುಕುವಾಗ್ಲೂ ಅದನ್ನ ಲೆಕ್ಕಕ್ಕೆ ತಗೊಳ್ಳಿ. ತಿಂಡಿ 5 ರೂಪಾಯಿ, ಮಧ್ಯಾಹ್ನ ರಾತ್ರಿ ಊಟ 10 ರೂಪಾಯಿ, ದಿನಕ್ಕೆ 25, ತಿಂಗಳಿಗೆ 750. ಆಫ್ಟರ್‌ಕೇರ್ ದುಡ್ಡು ಬಂದ ದಿನಾನೇ ಈ 750 ಬೇರೆ ಎತ್ತಿಡಿ, ಆಮೇಲೆ ಬಾಕಿ ಖರ್ಚು. ಇನ್ನೊಂದು ಏನಂದ್ರೆ ಸ್ವಲ್ಪ ಮುಂಚೆ ಹೋಗಿ, ಲೇಟಾದ್ರೆ ಖಾಲಿ ಆಗಿರತ್ತೆ. 750ನೂ ಇಲ್ಲದ ದಿನ ಬರತ್ತೆ, ಆವಾಗ ಮಠ, ದೇವಸ್ಥಾನದ ದಾಸೋಹ ಇದೆ. ತುಮಕೂರಿನ ಸಿದ್ಧಗಂಗೆ, ಕೊಪ್ಪಳದ ಗವಿಮಠ, ಹುಬ್ಬಳ್ಳಿ ಸಿದ್ಧಾರೂಢ ಮಠ, ಬೀದರ್ ಗುರುದ್ವಾರ, ಬೆಂಗಳೂರಲ್ಲಿ ಹಲಸೂರು ಕೆರೆ ಹತ್ರದ ಗುರುದ್ವಾರ, ಎಲ್ಲೂ ನೀನ್ಯಾರು ಅಂತ ಕೇಳಲ್ಲ. ಪಂಕ್ತೀಲಿ ಕೂತು ಉಣ್ಣೋದು ಭಿಕ್ಷೆ ಅಲ್ಲ ಕಣ್ರೋ, ಅಲ್ಲಿ ಸಾಹುಕಾರನೂ ಕೂತಿರ್ತಾನೆ.

ಓದ್ತಿರೋರು ಮೊದಲು ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಟ್ರೈ ಮಾಡಿ. ಶಾಲೆಯ ಬಿಸಿಯೂಟ 10ನೇ ಕ್ಲಾಸಿಗೇ ಮುಗಿಯತ್ತೆ, ಪಿಯುಸಿ ಡಿಗ್ರಿಗೆ ಇಲ್ಲ, ಹಾಗಾಗಿ ಹಾಸ್ಟೆಲ್ ಸೀಟ್ ಅಂದ್ರೆ ಮೂರೊತ್ತು ಊಟ ಅಂತಾನೇ ಲೆಕ್ಕ. ಸಿಗದಿದ್ರೆ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ಶುರುವಾದಾಗ ತಿಂಗಳಿಗೆ 1500ರಂತೆ 10 ತಿಂಗಳು ಊಟ ವಸತಿಗೆ ಅಂತ ಕೊಡ್ತಿದ್ರು. ಕೊನೇ ದಿನಾಂಕ ಮಾತ್ರ ತಪ್ಪಿಸ್ಕೋಬೇಡಿ.

ಕೊನೇದಾಗಿ ಅಡುಗೆ. ನಮಗೆ ಐವತ್ತು ಜನಕ್ಕೆ ತರಕಾರಿ ಹೆಚ್ಚೋಕೆ ಬರತ್ತೆ, ಒಬ್ಬರಿಗೆ ಅನ್ನ ಮಾಡೋಕೆ ಬರಲ್ಲ. ತಿಂಗಳಿಗೆ 10 ಕೆಜಿ ಅಕ್ಕಿ ಸಿಕ್ರೆ ದಿನಕ್ಕೆ 330 ಗ್ರಾಂ, ಒಬ್ಬರಿಗೆ ಧಾರಾಳ ಆಯ್ತು, ಕಷ್ಟ ಇರೋದು ಬೇಳೆ ಮೊಟ್ಟೆ ತರಕಾರಿಗೆ, ನಿಮ್ಮ ದುಡ್ಡು ಅಲ್ಲಿಗೆ ಹೋಗ್ಲಿ. ಅಡ್ರೆಸ್ ಪ್ರೂಫ್ ಇಲ್ಲದೆ ದೊಡ್ಡ ಸಿಲಿಂಡರ್ ಸಿಗಲ್ಲ, ಆದ್ರೆ 5 ಕೆಜಿ ಛೋಟು ಸಿಲಿಂಡರ್ ಐಡಿ ತೋರಿಸಿದ್ರೆ ಕೊಡ್ತಾರೆ. ಅನ್ನ, ಬೇಳೆಸಾರು, ಮೊಟ್ಟೆ, ಅವಲಕ್ಕಿ, ಇಷ್ಟು ನಾಲ್ಕು ಕೈಗೆ ಹತ್ತಿದ್ರೆ ಸಾಕು, ಒಳಗಿರುವಾಗ್ಲೇ ಅಡುಗೆ ಅಕ್ಕನ ಹತ್ರ ನಿಂತು ಕಲ್ತ್ಕೊಳ್ಳಿ. ಸಾಧ್ಯ ಆದ್ರೆ ಒಂದೇ ಬ್ಯಾಚಿನವರು ಜೊತೇಲಿ ರೂಮ್ ಮಾಡಿ. ಅದೇ 25ನೇ ನಿಯಮದಲ್ಲಿ 6ರಿಂದ 8 ಜನ ಒಟ್ಟಿಗೆ ಇರೋ ತಾತ್ಕಾಲಿಕ ಗುಂಪು ವಸತಿ ಅಂತಾನೂ ಇದೆ, ಅರ್ಜೀಲಿ ಅದನ್ನೂ ಕೇಳಿ. ನಾವು ನಾಲ್ಕು ಜನ ಹುಡ್ಗೀರು ಎರಡನೇ ವರ್ಷ ಹಾಗೆ ಒಂದೇ ಮನೇಲಿದ್ವಿ, ಒಬ್ಬಳ ಹತ್ರ ಕಾರ್ಡ್ ಇತ್ತು, ಒಬ್ಬಳಿಗೆ ಸಂಬಳ ಬರ್ತಿತ್ತು, ರಾತ್ರಿ ಎಂಟಕ್ಕೆ ಯಾರಾದ್ರೂ ಊಟಕ್ಕೆ ಬರದಿದ್ರೆ ಉಳಿದವರು ಫೋನ್ ಮಾಡ್ತಿದ್ವಿ, ತಿಂದ್ಯಾ ಅಂತ.