1804ರ ಡಾಲರ್ ಸಿಕ್ಕಿತಾ? ಮೊದಲು ತಕ್ಕಡಿ ತನ್ನಿ

ಅಮೆರಿಕದ ಹಳೇ ಸಾಮಾನಿನ ಸಂತೆಯೊಂದರಲ್ಲಿ 15 ಡಾಲರ್ ಕೊಟ್ಟು 1804ರ ಡಾಲರ್ ಕೊಂಡಿದ್ದೆ. ಅಮೆರಿಕದ ಅತಿ ಅಪರೂಪದ ಬೆಳ್ಳಿ ನಾಣ್ಯ ಅದು. ಮನೆಗೆ ಬಂದು ತೂಗಿದರೆ 21 ಗ್ರಾಂ. ಇರಬೇಕಾದದ್ದು ಸುಮಾರು 26.96. ಅಂದರೆ ನಕಲಿ. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

ಅಸಲಿ ಎಂದು ಗೊತ್ತಿರುವುದು ಬರೀ 16. ತಮಾಷೆ ಅಂದ್ರೆ, ಅದರಲ್ಲಿ ಒಂದೂ 1804ರಲ್ಲಿ ತಯಾರಾದದ್ದಲ್ಲ. ಆ ವರ್ಷ ಟಂಕಸಾಲೆ ಡಾಲರ್‌ಗಳನ್ನು ಹೊಡೆದದ್ದು ಹಳೆಯ ಇಸವಿಯ ಅಚ್ಚುಗಳಲ್ಲಿ. 1834ರಲ್ಲಿ ಸಯಾಮಿನ (ಈಗಿನ ಥಾಯ್ಲೆಂಡ್) ರಾಜ, ಮಸ್ಕತ್ತಿನ ಸುಲ್ತಾನರಿಗೆ ಉಡುಗೊರೆ ಕೊಡಲು ನಾಣ್ಯಗಳು ಬೇಕಾದವು. ಆಗ 1804 ಎಂಬ ಇಸವಿ ಹಾಕಿ ಹೊಸದಾಗಿ ಹೊಡೆದರು. ಅಂಥವು 8. ಉಳಿದವು ಅದಕ್ಕೂ ಎಷ್ಟೋ ವರ್ಷ ಆಮೇಲಿನವು. ಅದರಲ್ಲಿ ಒಂದನ್ನು 1857ರ ಸ್ವಿಸ್ ನಾಣ್ಯದ ಮೇಲೇ ಹೊಡೆದಿದ್ದಾರೆ!

ಇವು ಪ್ರೂಫ್ ನಾಣ್ಯಗಳು. ಪ್ರೂಫ್ ಅಂದರೆ ಚೆನ್ನಾಗಿ ಉಳಿದ ನಾಣ್ಯ ಅಂತಲ್ಲ, ಉಜ್ಜಿ ಹೊಳಪು ಕೊಟ್ಟ ಅಚ್ಚಿನಲ್ಲಿ ವಿಶೇಷವಾಗಿ ಹೊಡೆದದ್ದು. ಜೇಬಲ್ಲಿ ಓಡಾಡಿ ಸವೆದರೂ ಪ್ರೂಫ್ ಪ್ರೂಫೇ.

ತೂಕ ಸರಿಯಿದ್ದರೂ ಹಿಗ್ಗಬೇಡಿ. ನಿಜವಾದ 1801 ಅಥವಾ 1803ರ ಡಾಲರ್‌ನ ಕೊನೆಯ ಅಂಕಿ ತಿದ್ದಿ 4 ಮಾಡಿರುತ್ತಾರೆ. ಅದರ ಬೆಳ್ಳಿ, ತೂಕ ಎಲ್ಲ ಸರಿಯಾಗಿಯೇ ಇರುತ್ತದೆ. ಹತ್ತು ಪಟ್ಟು ಭೂತಗನ್ನಡಿ ಹಿಡಿದು 4ರ ಸುತ್ತ ಕೆರೆದ ಗುರುತು, ಬೆಸುಗೆ ಹುಡುಕಿ. ಆಮೇಲೆ ನಾಣ್ಯದ ಮುಖದ ಅಂಚು ನೋಡಿ. ನನಗೆ ಇದೇ ಇಷ್ಟದ ಪರೀಕ್ಷೆ. 1803ರವರೆಗಿನ ಡಾಲರ್‌ಗಳಲ್ಲಿ ಅಲ್ಲಿ ಉದ್ದುದ್ದ ಹಲ್ಲುಗಳಿವೆ. ಅಸಲಿ 1804ರಲ್ಲಿ ದುಂಡು ಮಣಿಗಳ ಸಾಲು, ಅದರಾಚೆ ಎತ್ತರದ ಕಟ್ಟೆ. ಅದು 1830ರ ದಶಕದ ಕೆಲಸ. ತಿದ್ದುವವನಿಗೆ ಒಂದು ಅಂಕಿ ಬದಲಿಸಲು ಬರಬಹುದು, ಸುತ್ತಲಿನ ಹಲ್ಲೆಲ್ಲ ಕಿತ್ತು ಮಣಿ ಮಾಡಲು ಬರುತ್ತಾ?

ಬೆಲೆ ಕೇಳ್ತೀರಲ್ವಾ? ಮಸ್ಕತ್ತಿನ ಸುಲ್ತಾನನದು ಎನ್ನಲಾಗುವ ನಾಣ್ಯ 1999ರಲ್ಲಿ 41.4 ಲಕ್ಷ ಡಾಲರ್‌ಗೆ ಹೋಯಿತು. ಅದೇ ನಾಣ್ಯ 2021ರಲ್ಲಿ 76.8 ಲಕ್ಷ ಡಾಲರ್.

ನಿಮ್ಮದು ಎಲ್ಲ ಪರೀಕ್ಷೆಯಲ್ಲೂ ಪಾಸಾದರೆ (ನನಗಂತೂ ಆ ಭಾಗ್ಯ ಬಂದಿಲ್ಲ) ತೊಳೆಯಬೇಡಿ, ಬಟ್ಟೆಯಲ್ಲೂ ಒರೆಸಬೇಡಿ. ಒಂದು ಗೀರು ಬಿದ್ದರೂ ಬೆಲೆ ಇಳಿಯುತ್ತದೆ. ಅಂಚಲ್ಲಿ ಹಿಡಿದೆತ್ತಿ, ಪಿಸಿಜಿಎಸ್ ಅಥವಾ ಎನ್‌ಜಿಸಿಯಂಥ ನಾಣ್ಯ ಪರೀಕ್ಷಿಸುವ ಸಂಸ್ಥೆಗೆ ವಿಮೆ ಮಾಡಿಸಿ ಕಳಿಸಿ.